ಗೊತ್ತಾಗದಂತೆ ಹಾಕುವ ಪುಡಿ ಕೇಳಬೇಡಿ

ಪ್ರಶ್ನೆ: ಡಾಕ್ಟ್ರೇ, ನಾವು ಪಾಂಡವಪುರದ ಕಡೆಯವರು. ಕಬ್ಬು ಕಡಿದು ಕಳಿಸಿ ಎರಡು ತಿಂಗಳಾದರೂ ದುಡ್ಡು ಬಂದಿಲ್ಲ. ಸಾಲದ ಯೋಚನೆಯಲ್ಲಿ ಯಜಮಾನರು ದಿನಾ ಕುಡಿಯುತ್ತಾರೆ. ಅವರಿಗೆ ಗೊತ್ತಾಗದ ಹಾಗೆ ಸಾರಿಗೆ ಹಾಕುವ ಪುಡಿ ಇದ್ದರೆ ತಿಳಿಸಿ. ನನಗೂ ಮೈಕೈ ನೋವು, ನಿದ್ದೆ ಇಲ್ಲ. ಗ್ಲೂಕೋಸ್ ಹಾಕಿಸಿದರೂ ಕಮ್ಮಿಯಾಗಲಿಲ್ಲ.

ಉತ್ತರ: ತಾಯಿ, ಈ ಪುಡಿ ಕೇಳಿ ಎಷ್ಟು ಪತ್ರ ಬಂದಿವೆಯೋ ಲೆಕ್ಕವಿಲ್ಲ. ಹಾಕಬೇಡಿ. ಡೈಸಲ್ಫಿರಾಮ್ ಅನ್ನುವ ಮಾತ್ರೆಯನ್ನು ಅರೆದು ಊಟಕ್ಕೆ ಬೆರೆಸುವವರಿದ್ದಾರೆ. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಜೀವವೇ ಹೋಗಬಹುದು. ಕುಡಿಯುವವನಿಗೆ ತಿಳಿಸಿ, ಅವನು ಒಪ್ಪಿದ ಮೇಲೆ, ಡಾಕ್ಟರ ಕಣ್ಗಾವಲಿನಲ್ಲಿ ಕೊಡಬೇಕಾದ ಮಾತ್ರೆ ಅದು. ಇನ್ನು ಸಂತೆಯಲ್ಲಿ 'ಬೇರಿನ ಪುಡಿ' ಮಾರುವವನಿಗೆ ಅದರಲ್ಲಿ ಏನಿದೆ ಅಂತ ಅವನಿಗೇ ಗೊತ್ತಿರುವುದಿಲ್ಲ. ಅಂಥವನ ಕೈಗೆ ಗಂಡನ ಜೀವ ಕೊಡುತ್ತೀರಾ?

ಆಣೆ ಹಾಕಿಸಿ ಒಂದೇ ದಿನಕ್ಕೆ ಬಿಡಿಸಲೂ ಹೋಗಬೇಡಿ. ದಿನಾ ಜಾಸ್ತಿ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಕೈ ನಡುಗುತ್ತದೆ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು. ಊರಲ್ಲಿ ಇದನ್ನೇ 'ಗಾಳಿ ಸೋಕಿದೆ' ಅಂತ ಮಂತ್ರ ಹಾಕಿಸುತ್ತಾರೆ. ನನಗೆ ಸಿಟ್ಟು ಬರುವುದೇ ಅಲ್ಲಿ. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮನೋವೈದ್ಯರಿದ್ದಾರೆ. ಅಲ್ಲಿಗೆ ಕರೆದುಕೊಂಡು ಹೋಗಿ.

ಅವರನ್ನು ಒಪ್ಪಿಸುವುದು ಹೇಗೆ? ಬೆಳಗ್ಗೆ, ಅಮಲು ಇಲ್ಲದಾಗ ಮಾತಾಡಿ. ಕುಡಿತದ ಮಾತು ಎತ್ತಲೇಬೇಡಿ. 'ನಿದ್ದೆ ಬರ್ತಾ ಇದೆಯಾ?' ಅಂತ ಕೇಳಿ. ನಮ್ಮ ಗಂಡಸರು ಬೇಸರ ಅನ್ನುವ ಪದ ಬಾಯಿಗೆ ತರುವುದಿಲ್ಲ. ಕುಡಿಯುತ್ತಾರೆ, ರೇಗುತ್ತಾರೆ, ಇಲ್ಲ ಸುಮ್ನೆ ಕೂತುಬಿಡುತ್ತಾರೆ. ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆಯವರು ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ತಪ್ಪು ನಿಮ್ಮದಲ್ಲ ಅಂತ ಅವರಿಗೆ ಒಂದು ಸಲವಾದರೂ ಹೇಳಿ.

ಈಗ ನಿಮ್ಮ ವಿಷಯ. ನಾಲ್ಕು ಸಾಲು ಗಂಡನ ಬಗ್ಗೆ ಬರೆದು, ಕೊನೆಗೆ ಒಂದು ಮಾತು ನಿಮ್ಮದು! ನಾಟಿ, ಕಳೆ, ಹಸು, ಅಡುಗೆ, ಸಂಘದ ವಾರದ ಕಂತು ಎಲ್ಲಾ ನಿಮ್ಮ ತಲೆ ಮೇಲೆ. ಪಹಣಿಯಲ್ಲಿ ಮಾತ್ರ ಹೆಸರಿಲ್ಲ ಅಲ್ವಾ? ಹೆಂಗಸರ ಚಿಂತೆ ಎಷ್ಟೋ ಸಲ ಮೈನೋವಾಗಿ ಬರುತ್ತದೆ. ಅದಕ್ಕೆ ಗ್ಲೂಕೋಸ್ ಹಾಕಿ ದುಡ್ಡು ಕೀಳುವವರ ಹತ್ತಿರ ಹೋಗಬೇಡಿ. ಒಮ್ಮೆ ರಕ್ತ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಅದರಲ್ಲಿ ಏನೂ ಇಲ್ಲದಿದ್ದರೆ ಗಂಡನ ಜೊತೆ ನೀವೂ ಮನೋವೈದ್ಯರಿಗೆ ತೋರಿಸಲು ಚೀಟಿ ಮಾಡಿಸಿ.

ಪ್ರಶ್ನೆ: ಖಿನ್ನತೆಯ ಮಾತ್ರೆ ಸಾಯುವವರೆಗೂ ನುಂಗಬೇಕಾ?

ಉತ್ತರ: ಸಾಮಾನ್ಯವಾಗಿ ಬೇಕಿಲ್ಲ. ಆದರೆ ಅದು ಹಿಡಿಯಲು 2ರಿಂದ 4 ವಾರ ಬೇಕು, ಹತ್ತು ದಿನಕ್ಕೇ ಬಿಡಬೇಡಿ.

ಪ್ರಶ್ನೆ: ತಾಯತ ಕಟ್ಟಿಸಿದ್ದೇವೆ, ಸಾಕಾ?

ಉತ್ತರ: ಸಾಲದು.

ಪ್ರಶ್ನೆ: ಅಪ್ಪ 'ನಾನಿಲ್ಲದಿದ್ರೆ ನೀವು ಚೆನ್ನಾಗಿರ್ತೀರಿ' ಅಂತಾರೆ. ಸಾಯೋ ಯೋಚನೆ ಇದೆಯಾ ಅಂತ ಕೇಳಿದರೆ ನಾವೇ ನೆನಪಿಸಿದ ಹಾಗೆ ಆಗಲ್ವಾ?

ಉತ್ತರ: ಖಂಡಿತ ಆಗುವುದಿಲ್ಲ. ಇವತ್ತೇ ಕೇಳಿ, ನೇರವಾಗಿ ಕೇಳಿ. ಅವರನ್ನು ಒಬ್ಬರನ್ನೇ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧಿಯನ್ನು ಬೇರೆಯವರ ಮನೆಯಲ್ಲಿ ಬೀಗ ಹಾಕಿ ಇಡಿಸಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಈಗಲೇ ಫೋನ್ ಮಾಡಿ, ನಾಳೆ ಬೆಳಗ್ಗೆಯೇ ಆಸ್ಪತ್ರೆಗೆ ಕರೆತನ್ನಿ.