ಮೂರೂ ಜಾಗಕ್ಕೆ ಹತ್ತಿರ ಹತ್ತಿರ ಒಂದೇ ಅಂಕ ಬಂದರೆ

ಅಡಿಕೆ ಗೋದಾಮಿಗೆ ಜಾಗ ಆರಿಸಲು ನೀವು ಮಾಡಿದ ಅಂಕಪಟ್ಟಿಯಲ್ಲಿ ಎಲ್ಲ ಅಂಶಕ್ಕೂ ಸಮ ತೂಕ, ಅಂದರೆ ಒಂದೇ ಪ್ರಾಮುಖ್ಯ ಕೊಟ್ಟಿದ್ದೀರಿ. ನೋಡಿದ ಕುಂಬಳೆ, ಬದಿಯಡ್ಕ, ವಿಟ್ಲ ಮೂರಕ್ಕೂ ಹೆಚ್ಚುಕಮ್ಮಿ ಒಂದೇ ಅಂಕ ಬಂದದ್ದು ಬಹುಶಃ ಅದಕ್ಕೇ. ದೂರ, ಲಾರಿ ಬಾಡಿಗೆ ಅಂತ ಎರಡು ಸಾಲೂ ಇದೆ. ಅದು ಒಂದೇ ಖರ್ಚು ಅಲ್ವಾ? ಒಂದನ್ನು ತೆಗೆಯಿರಿ.

ಮೊದಲು, ಇಲ್ಲದಿದ್ದರೆ ಆಗುವುದೇ ಇಲ್ಲ ಅನ್ನುವುದನ್ನು ಬೇರೆ ಮಾಡಿ. ಮಳೆಗಾಲದಲ್ಲಿ ನೆಲದಿಂದ ತೇವ ಏರುವ ಕಟ್ಟಡಕ್ಕೆ ಅಂಕವೇ ಬೇಡ. ಬಾಡಿಗೆ ಎಷ್ಟೇ ಕಡಿಮೆ ಇರಲಿ, ಚೀಲದ ಅಡಿಯ ಅಡಿಕೆಗೆ ಬೂಷ್ಟು ಹಿಡಿಯುತ್ತದೆ. ಕುಂಬಳೆ, ಬದಿಯಡ್ಕ ಕೇರಳದಲ್ಲಿವೆ; ವಿಟ್ಲ ಕರ್ನಾಟಕಕ್ಕೆ ಸೇರಿದ್ದು, ನಿಮ್ಮ ನೋಂದಣಿ ಕೇರಳದ್ದಾದರೆ ಅಲ್ಲಿಗೆ ಬೇರೆ ಜಿಎಸ್‌ಟಿ ನೋಂದಣಿ ಬೇಕು. ಆ ಕೆಲಸಕ್ಕೂ ಒಂದು ಸಾಲು ಇಡಿ.

ಆಮೇಲೆ ಒಟ್ಟು 100 ಬರುವಂತೆ ತೂಕ ಹಂಚಿ. ಕಷ್ಟ ಆದರೆ ಎರಡೆರಡನ್ನೇ ಹೋಲಿಸಿ, ಯಾವುದು ಜಾಸ್ತಿ ಮುಖ್ಯ ಅಂತ ಗುರುತು ಹಾಕಿ. 5 ಅಂಶಕ್ಕೆ 10 ಜೋಡಿ, ಅಷ್ಟೇ.

ಅಂಕ 1ರಿಂದ 5 ಸಾಕು. 1 ಅಂದರೆ ಏನು, 5 ಅಂದರೆ ಏನು ಅಂತ ಮೊದಲೇ ಬರೆದಿಡಿ. ಇಲ್ಲದಿದ್ದರೆ ಸುಮ್ನೆ ಎಲ್ಲಕ್ಕೂ 3 ಬೀಳುತ್ತದೆ.

ಪ್ರತಿ ಅಂಕವನ್ನು ಅದರ ತೂಕದಿಂದ ಗುಣಿಸಿ, ಜಾಗವಾರು ಕೂಡಿಸಿ. ಕೊನೆಗೆ ದೊಡ್ಡ ತೂಕದಿಂದ 10 ಇಳಿಸಿ ಬೇರೆಯದಕ್ಕೆ ಸೇರಿಸಿ ನೋಡಿ. ಹೆಚ್ಚು ಅಂಕ ಬಂದ ಜಾಗ ಬದಲಾಗದಿದ್ದರೆ ಅದಕ್ಕೆ ಅಡ್ವಾನ್ಸ್ ಕೊಡಿ. ಬದಲಾದರೆ ಆ ಎರಡು ಅಂಶವನ್ನಷ್ಟೇ ಸ್ಥಳಕ್ಕೆ ಹೋಗಿ ಇನ್ನೊಮ್ಮೆ ವಿಚಾರಿಸಿ.