ಓದುಗರ ಪ್ರಶ್ನೆ: ಧಾರಾವಾಹಿ ನೋಡುವವರ ಮೇಲೂ ಪಿಎಚ್.ಡಿ. ಮಾಡಬಹುದೇ?

ಪ್ರಶ್ನೆ: ನನ್ನ ಮಗಳು ಟಿ.ವಿ. ಧಾರಾವಾಹಿ ನೋಡುವ ಗೃಹಿಣಿಯರ ಬಗ್ಗೆ ಪಿಎಚ್.ಡಿ.ಗೆ ನೋಂದಾಯಿಸಿಕೊಂಡಿದ್ದಾಳೆ. ಮಗ ವೈದ್ಯಕೀಯ ಸಂಶೋಧನೆಯಲ್ಲಿದ್ದಾನೆ. ಇವೆರಡನ್ನೂ ಸಂಶೋಧನೆ ಎಂದೇ ಕರೆಯುವುದು ಸರಿಯೇ? (ಓದುಗರು, ದಾವಣಗೆರೆ)

ಉತ್ತರ: ಧಾರಾಳವಾಗಿ ಕರೆಯಬಹುದು. ಆದರೆ ಮಗನ ಕೆಲಸದ ಅಳತೆಗೋಲನ್ನು ಮಗಳ ಕೆಲಸಕ್ಕೆ ಹಿಡಿಯಬಾರದು. ಕೇಳಿದ ಪ್ರಶ್ನೆಗೆ ತಕ್ಕ ಪುರಾವೆಯನ್ನು ಕಲೆಹಾಕಲಾಗಿದೆಯೇ, ಆ ಪುರಾವೆ ತಾಳಿಕೊಳ್ಳುವಷ್ಟನ್ನು ಮಾತ್ರ ಹೇಳಲಾಗಿದೆಯೇ ಎಂದು ಎರಡೂ ಕಡೆ ನೋಡಬೇಕು.

ಜನಪ್ರಿಯ ಸಂಸ್ಕೃತಿಯ ಅಧ್ಯಯನ ಇಂದು ನಿನ್ನೆಯದಲ್ಲ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಹೊಗಾರ್ಟ್ 1964ರಲ್ಲೇ ಇದಕ್ಕೆಂದು ಒಂದು ಕೇಂದ್ರವನ್ನು ಆರಂಭಿಸಿದರು. ಮುಂದೆ ಸ್ಟುವರ್ಟ್ ಹಾಲ್ ಅದನ್ನು ಮುನ್ನಡೆಸಿದರು. ನಿಮ್ಮ ಮಗಳ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಅಮೆರಿಕದ ಜಾನಿಸ್ ರಾಡ್‌ವೇ ಅವರ ಕೆಲಸ. ಪ್ರೇಮಕಾದಂಬರಿಗಳನ್ನು ಕೀಳೆಂದು ತಳ್ಳಿಹಾಕುವ ಬದಲು, ಅವನ್ನು ಬಿಡದೆ ಓದುತ್ತಿದ್ದ ಒಂದು ಊರಿನ ಹೆಂಗಸರನ್ನೇ ಅವರು ಮಾತನಾಡಿಸಿದರು. ಪ್ರಶ್ನಾವಳಿಗೆ ಉತ್ತರಿಸಿದವರು 42 ಮಂದಿ. 1984ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮುಖ್ಯವಾಗಿ ಕಂಡದ್ದು ಕಥೆಗಿಂತ ಓದುವ ಕ್ರಿಯೆ: ಕೈಯಲ್ಲಿ ಪುಸ್ತಕವಿದ್ದಷ್ಟು ಹೊತ್ತು ಗಂಡ, ಮಕ್ಕಳು, ಅಡುಗೆಮನೆ ಯಾರೂ ಏನೂ ಕೇಳುವಂತಿಲ್ಲ, ಅದು ಅವಳದೇ ಸಮಯ. ವಾರಪತ್ರಿಕೆಯ ಧಾರಾವಾಹಿ ಕಾದಂಬರಿಗೆ ಕಾದು ಕೂತಿದ್ದ ತಾಯಂದಿರನ್ನು ಕಂಡ ಕನ್ನಡಿಗರಿಗೆ ಇದು ಅಪರಿಚಿತ ಸಂಗತಿಯೇನಲ್ಲ. 42 ಜನರಿಂದ ಇಡೀ ದೇಶದ ಓದುಗರ ಬಗ್ಗೆ ತೀರ್ಪು ಕೊಡಲಾಗದು, ನಿಜ; ಆದರೆ ಸಾವಿರಾರು ಜನರ ಸಮೀಕ್ಷೆಯಲ್ಲಿ ‘ಹೌದು’, ‘ಇಲ್ಲ’ಗಳ ನಡುವೆ ಕಳೆದುಹೋಗುವ ಮಾತು ಇಲ್ಲಿ ಸಿಕ್ಕಿತು.

ಹಾಗೆಂದು ಈ ಕ್ಷೇತ್ರದಲ್ಲಿ ಎಣಿಕೆಗೆ ಜಾಗವಿಲ್ಲವೆಂದು ತಿಳಿಯಬೇಡಿ. ರಾಬರ್ಟ್ ಜೆನ್ಸೆನ್ ಮತ್ತು ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞರು ಭಾರತದ ಹಳ್ಳಿಗಳಲ್ಲಿ 2001ರಿಂದ 2003ರವರೆಗೆ ನಡೆದ ಸಮೀಕ್ಷೆಯನ್ನು ಆಧರಿಸಿ, ಕೇಬಲ್ ಟಿ.ವಿ. ಬಂದ ಊರುಗಳನ್ನೂ ಬಾರದ ಊರುಗಳನ್ನೂ ಹೋಲಿಸಿದರು. ಕೇಬಲ್ ಬಂದ ಕಡೆ ಗಂಡ ಹೊಡೆಯುವುದು ಸರಿ ಎನ್ನುವ ಹೆಂಗಸರ ಪ್ರಮಾಣ ತಗ್ಗಿತ್ತು, ಗಂಡುಮಗುವೇ ಬೇಕೆಂಬ ಹಂಬಲ ಇಳಿದಿತ್ತು, ಚಿಕ್ಕ ಮಕ್ಕಳ ಶಾಲಾ ದಾಖಲಾತಿಯೂ ಹೆಚ್ಚಿತ್ತು. ಬದಲಾದದ್ದು ಬದುಕೋ, ಸಮೀಕ್ಷೆಗೆ ಕೊಟ್ಟ ಉತ್ತರವೋ ಎಂಬ ಅನುಮಾನ ನನಗೂ ಉಂಟು. ಆ ಅನುಮಾನವನ್ನು ಬಗೆಹರಿಸಲು ಯಾರಾದರೂ ಆ ಮನೆಗಳ ಜಗಲಿಯಲ್ಲಿ ಕೂತು ಮಾತನಾಡಿಸಲೇಬೇಕು. ನಿಮ್ಮ ಮಗಳು ಮಾಡಹೊರಟಿರುವುದು ಅದನ್ನೇ. ಒಂದು ಸಂಗತಿಯನ್ನು ಮಾತ್ರ ಅವಳಿಗೆ ತಿಳಿಸಿ: ಧಾರಾವಾಹಿಗಳ ಕಥಾಸಾರವನ್ನು ಇನ್ನೂರು ಪುಟ ಬರೆದು, ಕೊನೆಯಲ್ಲಿ ‘ಇವು ಸಮಾಜದ ಮೇಲೆ ಪ್ರಭಾವ ಬೀರುತ್ತವೆ’ ಎಂದು ಮುಗಿಸುವ ಪ್ರಬಂಧಗಳು ಸಾಕಷ್ಟು ಬಂದಿವೆ, ಇನ್ನೊಂದು ಬೇಡ.

ಪ್ರಶ್ನೆ: ತರಗತಿಯಲ್ಲಿ ಮಕ್ಕಳ ಸಂಖ್ಯೆ ಇಳಿಸಿದರೆ ಕಲಿಕೆ ಸುಧಾರಿಸುತ್ತದೆಂದು ಸಂಶೋಧನೆಯಿಂದ ಸಾಬೀತಾಗಿದ್ದರೂ ಸರ್ಕಾರಗಳೇಕೆ ಹಿಂಜರಿಯುತ್ತವೆ? (ಶಿಕ್ಷಕಿ, ಗದಗ)

ಉತ್ತರ: ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ 1985ರಲ್ಲಿ ಆರಂಭವಾದ ‘ಸ್ಟಾರ್’ ಪ್ರಯೋಗ ನಿಮ್ಮ ಮಾತಿಗೆ ದೊಡ್ಡ ಆಧಾರ. ಮಕ್ಕಳನ್ನೂ ಶಿಕ್ಷಕರನ್ನೂ ಚೀಟಿ ಎತ್ತಿದಂತೆ ಹಂಚಿ, ಕೆಲವರನ್ನು 13ರಿಂದ 17 ಮಕ್ಕಳ ತರಗತಿಯಲ್ಲಿ, ಉಳಿದವರನ್ನು 22ರಿಂದ 25 ಮಕ್ಕಳ ತರಗತಿಯಲ್ಲಿ ಇರಿಸಲಾಯಿತು. ಚಿಕ್ಕ ತರಗತಿಯ ಮಕ್ಕಳು ಓದಿನಲ್ಲೂ ಗಣಿತದಲ್ಲೂ ಮುಂದಿದ್ದರು. ಕ್ಯಾಲಿಫೋರ್ನಿಯಾ 1996ರಲ್ಲಿ ಇಂಥದ್ದೇ ನೀತಿಯನ್ನು ಇಡೀ ರಾಜ್ಯಕ್ಕೆ ಒಮ್ಮೆಲೇ ಹಬ್ಬಿಸಿತು. ತರಗತಿಗಳು ಹೆಚ್ಚಿದವು, ಶಿಕ್ಷಕರು ಸಾಲದಾದರು, ಪೂರ್ಣ ಅರ್ಹತೆ ಇಲ್ಲದವರನ್ನೂ ನೇಮಿಸಬೇಕಾಯಿತು. ಟೆನೆಸ್ಸಿಯಷ್ಟು ಸ್ಪಷ್ಟವಾದ ಲಾಭ ಕಾಣಲಿಲ್ಲ. ಮೊದಲ ಪ್ರಯೋಗ ಸುಳ್ಳಾಗಲಿಲ್ಲ, ಅದರ ಷರತ್ತುಗಳು ಎರಡನೆಯ ಕಡೆ ಇರಲಿಲ್ಲ, ಅಷ್ಟೆ. ನಮ್ಮ ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂದು ಹೇಳುತ್ತದೆ. ಆದರೆ ಒಬ್ಬರೇ ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವ ಶಾಲೆಯ ಬವಣೆ ಆ ಅನುಪಾತದಲ್ಲಿ ಕಾಣುವುದಿಲ್ಲ.

ಪ್ರಶ್ನೆ: ವೈದ್ಯಕೀಯ ಸಂಶೋಧನೆಯಲ್ಲಾದರೂ ಅನುಮಾನಕ್ಕೆ ಎಡೆಯಿಲ್ಲ ಅಲ್ಲವೇ? (ಓದುಗರು, ಪುಣೆ)

ಉತ್ತರ: ಅನುಮಾನವನ್ನು ಮೊದಲೇ ಊಹಿಸಿ ಕಟ್ಟಿಹಾಕುವುದರಲ್ಲೇ ಅದರ ಶಕ್ತಿ ಇದೆ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ಬ್ರಿಟನ್ನಿನಲ್ಲಿ ನಡೆಸಿದ, 1948ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಯಾರಿಗೆ ಔಷಧಿ ಎಂಬುದು ಮುಚ್ಚಿದ ಲಕೋಟೆಯಲ್ಲಿತ್ತು. ಎಕ್ಸ್‌ರೇ ನೋಡಿದ ತಜ್ಞರಿಗೆ ರೋಗಿ ಯಾವ ಗುಂಪಿನವರೆಂದು ಗೊತ್ತಿರಲಿಲ್ಲ. ಆರು ತಿಂಗಳಲ್ಲಿ ಔಷಧಿ ಪಡೆದ 55 ಜನರಲ್ಲಿ 4, ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14 ಮಂದಿ ಸತ್ತಿದ್ದರು.

ಇಷ್ಟಾದರೂ ವಿಧಾನವೊಂದೇ ಸಾಲದು. ಬ್ರಿಟಿಷ್ ಮೆಡಿಕಲ್ ಜರ್ನಲ್ 2018ರಲ್ಲಿ, ತನ್ನ ಕ್ರಿಸ್‌ಮಸ್ ಸಂಪ್ರದಾಯದಂತೆ, ಒಂದು ಕುಚೋದ್ಯದ ಪರೀಕ್ಷೆಯನ್ನು ಪ್ರಕಟಿಸಿತು. ವಿಮಾನದಿಂದ ಜಿಗಿದವರಲ್ಲಿ ಪ್ಯಾರಾಚೂಟ್ ಇದ್ದವರಿಗೂ ಇಲ್ಲದವರಿಗೂ ಪೆಟ್ಟಿನಲ್ಲಿ ವ್ಯತ್ಯಾಸವೇ ಇಲ್ಲ ಎಂಬುದು ಫಲಿತಾಂಶ. ಹಂಚಿಕೆಯೆಲ್ಲ ನಿಯಮದಂತೆಯೇ ಇತ್ತು; ವಿಮಾನ ಮಾತ್ರ ನೆಲದ ಮೇಲೆ ನಿಂತಿತ್ತು, ಜಿಗಿದ ಎತ್ತರ ಸರಾಸರಿ 0.6 ಮೀಟರ್. ಪತ್ರಿಕೆಯ ಶೀರ್ಷಿಕೆಯಷ್ಟನ್ನೇ ಓದಿ ಮಾತ್ರೆ ನಿಲ್ಲಿಸುವವರಿಗೆ ನಾನು ಇದನ್ನೇ ಹೇಳುತ್ತಿರುತ್ತೇನೆ.

ಪ್ರಶ್ನೆ: ಸಾಮಾನ್ಯ ಓದುಗರಿಗೆ ಪಿಎಚ್.ಡಿ. ಪ್ರಬಂಧಗಳು ಎಲ್ಲಿ ಸಿಗುತ್ತವೆ? (ವಿದ್ಯಾರ್ಥಿ, ಕಲಬುರಗಿ)

ಉತ್ತರ: ‘ಶೋಧಗಂಗಾ’ ಜಾಲತಾಣದಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಉಚಿತವಾಗಿ ಓದಬಹುದು, ಕನ್ನಡದವೂ ಇವೆ. ಮೊದಲು ವಿಶ್ವವಿದ್ಯಾಲಯ, ಆಮೇಲೆ ವಿಭಾಗ ಎಂದು ಹುಡುಕುತ್ತ ಹೋಗಿ. ಪ್ರಬಂಧ ಸಿಕ್ಕ ಮೇಲೆ ಮುನ್ನುಡಿಯನ್ನು ಬದಿಗಿಟ್ಟು, ಮಾಹಿತಿಯನ್ನು ಹೇಗೆ ಸಂಗ್ರಹಿಸಿದರೆಂದು ಹೇಳುವ ಅಧ್ಯಾಯವನ್ನು ಮೊದಲು ತೆರೆಯಿರಿ.