ಕೇಸ್ ಶೀಟ್ ಮತ್ತೆ ಬರೆದುಕೊಟ್ಟೆ, ನನ್ನ ಲೈಸೆನ್ಸ್ ಹೋಗುತ್ತಾ?

ಪ್ರಶ್ನೆ: ಸಿಸ್ಟರ್, ನಾನು ತೀರ್ಥಹಳ್ಳಿ ಕಡೆಯವಳು. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ನಾಲ್ಕು ವರ್ಷದಿಂದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಕಳೆದ ತಿಂಗಳು ನೈಟ್ ಡ್ಯೂಟಿಯಲ್ಲಿ ನಾನೊಬ್ಬಳೇ ಇದ್ದೆ, ವಾರ್ಡಿನಲ್ಲಿ ಹದಿನೇಳು ಪೇಷೆಂಟ್. ಮಳೆಗೆ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಒಬ್ಬ ಅಜ್ಜನಿಗೆ ಊಟಕ್ಕೆ ಮುಂಚೆ 16 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಫ್ರಿಜ್‌ನಲ್ಲಿದ್ದದ್ದು ಒಂದು ಎಂ.ಎಲ್.ಗೆ 100 ಯೂನಿಟ್ ಇರುವ ವಯಲ್ (ಇನ್ಸುಲಿನ್ ಸೀಸೆ), ಟ್ರೇನಲ್ಲಿದ್ದದ್ದು ಎಂ.ಎಲ್.ಗೆ 40 ಯೂನಿಟ್ ಲೆಕ್ಕದಲ್ಲಿ ಗೆರೆ ಹಾಕಿದ, ಕೆಂಪು ಮುಚ್ಚಳದ 40ರ ಸಿರಿಂಜ್. ಗಮನಿಸದೆ 16ರ ಗೆರೆವರೆಗೆ ಎಳೆದು ಕೊಟ್ಟುಬಿಟ್ಟೆ. ಹತ್ತು ಗಂಟೆಗೆ ಅಜ್ಜ ಬೆವರಿ ತೊಪ್ಪೆಯಾಗಿದ್ದರು. ಶುಗರ್ 42ಕ್ಕೆ ಇಳಿದಿತ್ತು. ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಡೆಕ್ಸ್ಟ್ರೋಸ್ (ಗ್ಲೂಕೋಸ್) ಕೊಟ್ಟೆ. ಅಜ್ಜ ಹುಷಾರಾಗಿ ಮೂರನೇ ದಿನ ಮನೆಗೆ ಹೋದರು.

ನಡೆದದ್ದನ್ನು ನಾನು ಕೇಸ್ ಶೀಟಿನಲ್ಲಿ ಇದ್ದ ಹಾಗೇ ಬರೆದಿದ್ದೆ. ಬೆಳಿಗ್ಗೆ ಮ್ಯಾನೇಜ್‌ಮೆಂಟಿನವರು ಹೊಸ ಹಾಳೆ ಕೊಟ್ಟು, ‘ಪೇಷೆಂಟ್ ಊಟ ಮಾಡಲಿಲ್ಲ, ಅದಕ್ಕೆ ಶುಗರ್ ಇಳಿಯಿತು’ ಎಂದು ನನ್ನ ಕೈಯಲ್ಲೇ ಬರೆಸಿ ಸಹಿ ಹಾಕಿಸಿಕೊಂಡರು. ಹಳೇ ಹಾಳೆ ಹರಿದುಹಾಕು ಅಂದರು. ನನಗೆ ಕೈ ಬರಲಿಲ್ಲ. ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ಈಗ ಕೆಲಸ ಬಿಡುತ್ತೇನೆ ಅಂದರೆ, ‘ನಿನ್ನ ಲೈಸೆನ್ಸ್ ಕ್ಯಾನ್ಸಲ್ ಮಾಡಿಸ್ತೀವಿ’ ಅನ್ನುತ್ತಾರೆ. ನನ್ನ ಒರಿಜಿನಲ್ ಸರ್ಟಿಫಿಕೇಟುಗಳೂ ಅವರ ಹತ್ತಿರವೇ ಇವೆ. ಮನೆಯಲ್ಲಿ ಹೇಳಿಲ್ಲ. ನಿದ್ದೆ ಬರುತ್ತಿಲ್ಲ. ಹೆಸರು ಹಾಕಬೇಡಿ.

ಉತ್ತರ: ತಂಗಿ, ನಿನಗೆ ನನ್ನ ಕಿರಿ ಮಗಳ ವಯಸ್ಸು. ನೀನು ಅಂತಲೇ ಬರೆಯುತ್ತೇನೆ. ಮೂವತ್ತನಾಲ್ಕು ವರ್ಷ ಇದೇ ಜಿಲ್ಲೆಯ ಆಸ್ಪತ್ರೆಗಳಲ್ಲಿ ಬಿಳಿ ಸೀರೆ ಉಟ್ಟವಳು ನಾನು. ನಿನ್ನ ಕಾಗದವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ, ಹಳೇ ಹಾಳೆ ಹರಿಯಲು ಕೈ ಬರಲಿಲ್ಲ ಎಂದು ಬರೆದ ಜಾಗದಲ್ಲಿ ನಿಂತುಬಿಟ್ಟೆ. ಅಷ್ಟು ಬೆದರಿಸಿದರೂ ನೀನು ಅದನ್ನು ಹರಿಯಲಿಲ್ಲ. ನಿನಗೆ ಈಗ ಇರುವ ದೊಡ್ಡ ಆಸರೆ ಅದೇ.

ಮೊದಲು ನಿನ್ನ ಭಯದ ಮಾತು. ನೀನು ಲೈಸೆನ್ಸ್ ಅನ್ನುವ ನಿನ್ನ ನೋಂದಣಿ ಕೊಟ್ಟದ್ದು ಬೆಂಗಳೂರಿನಲ್ಲಿರುವ ರಾಜ್ಯ ನರ್ಸಿಂಗ್ ಕೌನ್ಸಿಲ್. ನೀನು ಕೆಲಸ ಮಾಡುವ ಕಡೆಯವರು ಕೊಟ್ಟದ್ದಲ್ಲ, ಆದ್ದರಿಂದ ಅವರು ಕಿತ್ತುಕೊಳ್ಳುವುದಕ್ಕೂ ಆಗುವುದಿಲ್ಲ. ಅವರು ದೂರು ಬರೆಯಬಹುದು, ಅಷ್ಟೇ. ದೂರು ಬಂದರೆ ಕೌನ್ಸಿಲ್ ನಿನಗೆ ನೋಟಿಸ್ ಕೊಟ್ಟು, ವಿಚಾರಣೆ ಮಾಡಿ, ನಿನ್ನ ಮಾತನ್ನೂ ಕೇಳಬೇಕು. ಆಮೇಲೆ ಎಚ್ಚರಿಕೆ ಕೊಟ್ಟು ಬಿಡಬಹುದು, ಕೆಲವು ಕಾಲ ಅಮಾನತು ಮಾಡಬಹುದು, ತೀರಾ ಗಂಭೀರವಾದರೆ ರಿಜಿಸ್ಟರ್‌ನಿಂದ ಹೆಸರು ತೆಗೆಯಬಹುದು. ನಮ್ಮ ರಾಜ್ಯದಲ್ಲಿ ಇದಕ್ಕೆ 1961ರ ಕಾಯ್ದೆ ಇದೆ. ಕೇಂದ್ರದ 1947ರ ಕಾಯ್ದೆಯ ಬದಲಿಗೆ ಸಂಸತ್ತು 2023ರಲ್ಲಿ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಹೊಸ ಕಾಯ್ದೆ ತಂದಿದೆ. ಯಾವ ಕಾಯ್ದೆಯಲ್ಲೂ ಮ್ಯಾನೇಜರ್ ಒಂದು ಫೋನ್ ಮಾಡಿದ ಕೂಡಲೇ ಲೈಸೆನ್ಸ್ ಹೋಗುವುದಿಲ್ಲ.

ಇನ್ನು ನಿನ್ನ ತಪ್ಪು. ಅದನ್ನು ಚಿಕ್ಕದು ಅನ್ನಲಾರೆ. 40ರ ಸಿರಿಂಜಿನಲ್ಲಿ 16ರ ಗೆರೆ ಅಂದರೆ 0.4 ಎಂ.ಎಲ್. ನೂರರ ವಯಲ್‌ನಿಂದ ಅಷ್ಟು ಎಳೆದರೆ ಅದು 40 ಯೂನಿಟ್. ಅಜ್ಜನಿಗೆ ಹೋದದ್ದು ಎರಡೂವರೆ ಪಟ್ಟು. ಆ ವಯಲ್‌ಗೆ ಕಿತ್ತಳೆ ಮುಚ್ಚಳದ ಸಿರಿಂಜ್ ಬೇಕಿತ್ತು. ಇದೆಲ್ಲ ನಿನಗೆ ಗೊತ್ತು. ಆದರೆ ನೂರರ ಇನ್ಸುಲಿನ್ ತರಿಸಿ 40ರ ಸಿರಿಂಜ್ ಇಟ್ಟವರು ಯಾರು? ಹದಿನೇಳು ಜನಕ್ಕೆ ಒಬ್ಬಳನ್ನೇ ಬಿಟ್ಟವರು ಯಾರು? ವಿಚಾರಣೆಯಲ್ಲಿ ಈ ಪ್ರಶ್ನೆಗಳೂ ಏಳುತ್ತವೆ. ಅವರು ಹಾಳೆ ಬದಲಾಯಿಸಲು ಅಷ್ಟು ಅವಸರ ಮಾಡಿದ್ದು ಇದಕ್ಕೇ ಅಂತ ನನಗೆ ಅನ್ನಿಸುತ್ತದೆ.

ನನ್ನನ್ನು ಜಾಸ್ತಿ ಕಾಡುತ್ತಿರುವುದು ಆ ಎರಡನೇ ಹಾಳೆ. ಯಾಕೆ ಅಂತ ಹೇಳಬೇಕಾದರೆ ನನ್ನದೇ ಒಂದು ಕತೆ ಹೇಳಬೇಕು.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಘಟ್ಟದ ಮೇಲಿನ ಒಂದು ಸಣ್ಣ ಆಸ್ಪತ್ರೆ. ಆಷಾಢದ ಮಳೆ. ಒಂದೇ ರಾತ್ರಿ ಎರಡು ಹೆರಿಗೆ. ಒಬ್ಬಾಕೆಗೆ ಹೆರಿಗೆಯಾಗಿ ಮಲಗಿಸಿದ್ದೆವು, ಇನ್ನೊಬ್ಬಾಕೆ ನೋವು ತಿನ್ನುತ್ತಿದ್ದಳು. ಎರಡು ಗಂಟೆಗೆ ಮೊದಲನೆಯವಳ ಬಿಪಿ ನೋಡಬೇಕಿತ್ತು. ನೋಡಲಿಲ್ಲ. ಆಮೇಲೆ ಚಾರ್ಟ್ ಖಾಲಿ ಬಿಡಲು ಹೆದರಿ 120/80 ಎಂದು ಬರೆದೆ. ನಾಲ್ಕು ಗಂಟೆಗೆ ನೋಡಿದರೆ ಹಾಸಿಗೆಯೆಲ್ಲ ರಕ್ತ. ಜೀಪಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದೆವು. ನಾನು ಬರೆದ ಸುಳ್ಳೂ ಅವಳ ಜೊತೆ ಅದೇ ಜೀಪಿನಲ್ಲಿ ಹೋಯಿತು. ಅಲ್ಲಿನ ಡಾಕ್ಟರ್ ಚಾರ್ಟ್ ನೋಡಿ, ಎರಡು ಗಂಟೆಗೆ ಸರಿಯಾಗಿದ್ದಾಳೆ, ರಕ್ತ ಹೋಗಲು ಶುರುವಾಗಿದ್ದು ಈಗಷ್ಟೇ ಅಂದುಕೊಂಡರು. ನಿಜಕ್ಕೂ ಯಾವಾಗ ಶುರುವಾಗಿತ್ತೋ ಯಾರಿಗೆ ಗೊತ್ತು? ಅವಳು ಬದುಕಿದಳು, ದೇವರು ದೊಡ್ಡವನು. ಮಧ್ಯಾಹ್ನ ನಮ್ಮ ಹಿರಿಯ ಸಿಸ್ಟರ್ ನನ್ನನ್ನು ಕೂರಿಸಿ ಒಂದೇ ಪ್ರಶ್ನೆ ಕೇಳಿದರು. ‘ಎರಡು ಗಂಟೆಗೆ ಬಿಪಿ ನೋಡಿದ್ಯಾ?’ ಇಲ್ಲ ಅಂದೆ. ಬೈಯಲಿಲ್ಲ. ವಾರ್ಡಿನಲ್ಲಿ ಉಳಿದಿದ್ದ ರಿಜಿಸ್ಟರ್ ತೆಗೆಸಿದರು. ಆ ಅಂಕಿ ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆಸಿ, ಪಕ್ಕದಲ್ಲಿ ‘ನೋಡಿಲ್ಲ’ ಎಂದು ಬರೆಸಿ, ಸಹಿ, ತಾರೀಖು, ಗಂಟೆ ಹಾಕಿಸಿದರು. ಆಮೇಲೆ ಶಿವಮೊಗ್ಗಕ್ಕೆ ಟ್ರಂಕ್ ಕಾಲ್ ಮಾಡಿ ನನ್ನ ಬಾಯಿಂದಲೇ ಹೇಳಿಸಿದರು.

ಈಗ ನಿನ್ನ ಅಜ್ಜನನ್ನು ನೆನೆಸಿಕೊ. ಹೊಸ ಹಾಳೆ ಏನು ಹೇಳುತ್ತದೆ? ಈ ಮನುಷ್ಯ ಒಂದು ಹೊತ್ತು ಊಟ ಬಿಟ್ಟರೆ 16 ಯೂನಿಟ್‌ಗೇ ಶುಗರ್ 42ಕ್ಕೆ ಇಳಿಯುತ್ತದೆ ಅಂತ. ಮುಂದೆ ಯಾರೋ ಡಾಕ್ಟರ್ ಅದನ್ನು ನಂಬಿ ಡೋಸ್ ಇಳಿಸಬಹುದು. ಅಜ್ಜನ ಶುಗರ್ ಏರುತ್ತಾ ಹೋಗುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ಇನ್ಸುಲಿನ್ನಿನ ತಪ್ಪು ಆ ರಾತ್ರಿಗೇ ಮುಗಿಯಿತು. ಈ ಹಾಳೆಯ ತಪ್ಪು ಇನ್ನೂ ಅಜ್ಜನ ಮೈಮೇಲೆ ಇದೆ.

ಕೌನ್ಸಿಲ್ ಮುಂದೆ ನಿಂತರೂ ಇದೇ ಲೆಕ್ಕ. ಗಡಿಬಿಡಿಯಲ್ಲಿ ಆದ ತಪ್ಪನ್ನು ತಕ್ಷಣ ಡಾಕ್ಟರಿಗೆ ಹೇಳಿ ಬರೆದಿಟ್ಟ ನರ್ಸನ್ನು ನೋಡುವ ಕಣ್ಣು ಬೇರೆ, ದಾಖಲೆ ತಿದ್ದಿದವಳನ್ನು ನೋಡುವ ಕಣ್ಣು ಬೇರೆ. ಪೊಲೀಸ್ ಕೇಸಿನ ಭಯವೂ ನಿನಗಿರಬಹುದು. ಪ್ರತಿಯೊಂದು ತಪ್ಪೂ ಅಪರಾಧವಲ್ಲ, ತೀರಾ ಹೊಣೆಗೇಡಿತನ ಇದ್ದರೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದೆ. ಅದು ಡಾಕ್ಟರ ಮೇಲಿನ ಕೇಸು, ಆದರೂ ನಿನಗೂ ಧೈರ್ಯ ಕೊಡುವ ಮಾತು. ಸುಳ್ಳು ದಾಖಲೆಗೆ ಮಾತ್ರ ಈ ಮಾತು ಆಸರೆಯಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಇವತ್ತು ರಾತ್ರಿ ಕೂತು ಎಲ್ಲವನ್ನೂ ಬರೆ. ಎಷ್ಟು ಗಂಟೆಗೆ ಏನು ಕೊಟ್ಟೆ, ಯಾರಿಗೆ ಫೋನ್ ಮಾಡಿದೆ, ಬೆಳಿಗ್ಗೆ ಯಾರು ಏನು ಬರೆಸಿದರು, ಎಲ್ಲ. ನಿನ್ನ ತಪ್ಪನ್ನೂ ಬಿಡಬೇಡ. ನಾಳೆ ವಕೀಲರನ್ನು ನೋಡು. ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡು.

ಹಳೇ ಹಾಳೆಯನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳುವುದೂ ಸರಿಯಲ್ಲ. ಅದು ಅಜ್ಜನ ದಾಖಲೆ. ವಕೀಲರಿಗೆ ತೋರಿಸಿ, ಅವರು ಹೇಳಿದ ಹಾಗೆ ಒಂದು ಪತ್ರದ ಜೊತೆ ಆಸ್ಪತ್ರೆಗೆ ಹಿಂತಿರುಗಿಸು. ಎರಡನೇ ಹಾಳೆಯಲ್ಲಿ ಇರುವುದು ನಿಜವಲ್ಲ ಎಂದು ಆ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿರಲಿ. ಪತ್ರದ ನಕಲಿನ ಮೇಲೆ ‘ಸ್ವೀಕರಿಸಿದೆ’ ಅಂತ ಸಹಿ ತಗೊ. ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡು. ಹಾಳೆಯ ಫೋಟೊ ತೆಗೆದು ಗೆಳತಿಯರ ವಾಟ್ಸ್‌ಆ್ಯಪ್ ಗ್ರೂಪಿಗೆ ಮಾತ್ರ ಹಾಕಬೇಡ. ರೋಗಿಯ ಗುಟ್ಟು ಹೊರಗೆ ಹಾಕಿದಳು ಎಂಬ ಇನ್ನೊಂದು ದೂರಿಗೆ ನೀನೇ ದಾರಿ ಮಾಡಿಕೊಟ್ಟ ಹಾಗಾಗುತ್ತದೆ.

ಅಜ್ಜನ ಮನೆಯವರಿಗೆ ನಿಜ ಗೊತ್ತಾಗಲೇಬೇಕು. ಅವರು ಕೇಸ್ ಶೀಟಿನ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬ ನಿಯಮ ವೈದ್ಯರಿಗೆ 2002ರಿಂದಲೇ ಇದೆ. ಮೊದಲು ಹೇಳಬೇಕಾದವರು ಆ ಡಾಕ್ಟರ್. ಪತ್ರದಲ್ಲಿ ಅದನ್ನೂ ಕೇಳು. ಅವರು ಹೇಳದಿದ್ದರೆ ಸುಮ್ನೆ ಇರಬೇಡ, ನೀನು ಹೇಗೆ ಹೇಳಬೇಕು ಅಂತ ವಕೀಲರನ್ನು ಕೇಳು.

ಸರ್ಟಿಫಿಕೇಟು ನಿನ್ನ ಸ್ವತ್ತು. ಹೆದರಿಸಲು ಅವನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಇನ್ನೊಂದು ಪತ್ರ ಬರೆದು ವಾಪಸ್ ಕೇಳು, ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಬೇಡ. ಮತ್ತೆ, ಮನೆಯಲ್ಲಿ ಹೇಳು ತಂಗಿ. ಕೋರ್ಟಿಗೆ ಹೋಗುವಾಗ ಅಮ್ಮನೋ ಅಣ್ಣನೋ ಜೊತೆಗಿರಲಿ.

ಪ್ರಶ್ನೆ: ಮೇಡಂ, ನಾವು ಸಾಗರದವರು. ಅಮ್ಮನಿಗೆ ಪಾರ್ಶ್ವವಾಯು ಆಗಿ ಮಲಗಿದ್ದಾರೆ. ಏಜೆನ್ಸಿಯವರು ‘ನರ್ಸ್’ ಎಂದು ಒಬ್ಬರನ್ನು ಕಳಿಸಿದ್ದರು. ಆಕೆ ಕೊಟ್ಟ ಇಂಜೆಕ್ಷನ್ ಕೀವು ಕಟ್ಟಿ ಆಪರೇಷನ್ ಮಾಡಿಸಬೇಕಾಯಿತು. ಆಕೆಯ ಲೈಸೆನ್ಸ್ ರದ್ದು ಮಾಡಿಸಲು ಎಲ್ಲಿಗೆ ಬರೆಯಬೇಕು?

ಉತ್ತರ: ಅಮ್ಮನ ಗಾಯ ಮಾಗುತ್ತಿದೆ ಅಂದುಕೊಂಡಿದ್ದೇನೆ. ಬರೆಯುವ ಮೊದಲು ಏಜೆನ್ಸಿಯಿಂದ ಆಕೆಯ ನೋಂದಣಿ ಸಂಖ್ಯೆ ಕೇಳಿ. ನರ್ಸ್ ಅಂತ ಕೆಲಸ ಮಾಡುವವರಿಗೆ ಕೌನ್ಸಿಲ್‌ನ ನೋಂದಣಿ ಇರಲೇಬೇಕು. ಸಂಖ್ಯೆ ಕೊಟ್ಟರೆ ಅದು ನಿಜವೇ ಎಂದು ಕೌನ್ಸಿಲ್‌ನಲ್ಲಿ ವಿಚಾರಿಸಿ, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿ ಅಲ್ಲಿಗೇ ದೂರು ಬರೆಯಿರಿ. ಇಂಜೆಕ್ಷನ್ ಕೊಟ್ಟ ಜಾಗ ಕೆಲವೊಮ್ಮೆ ಎಷ್ಟು ಎಚ್ಚರ ವಹಿಸಿದರೂ ಕೀವಾಗುತ್ತದೆ. ಆದ್ದರಿಂದ ನೀವು ಕಂಡದ್ದನ್ನಷ್ಟೇ ಬರೆಯಿರಿ: ಕೈ ತೊಳೆದರೇ, ಹೊಸ ಸೂಜಿ ಬಳಸಿದರೇ, ಯಾವ ಡಾಕ್ಟರ ಚೀಟಿ ನೋಡಿ ಕೊಟ್ಟರು.

ಸಂಖ್ಯೆಯೇ ಇಲ್ಲ ಅಂದರೆ ಕೌನ್ಸಿಲ್‌ಗೆ ರದ್ದು ಮಾಡಲು ಹೆಸರೇ ಇರುವುದಿಲ್ಲ. ಆಗ ಶಿವಮೊಗ್ಗದ ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತ ದೂರು ಕೊಡಿ, ಪೊಲೀಸರಿಗೂ ಕೊಡಿ. ಪರಿಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಅಲ್ಲಿ ಎರಡು ವರ್ಷದೊಳಗೆ ಹೋಗಬೇಕು. ಏಜೆನ್ಸಿಗೆ ದುಡ್ಡು ಕೊಟ್ಟ ರಸೀದಿ ಹುಡುಕಿ ತೆಗೆದಿಡಿ.